ಜ್ವರದ ಮಗು ಮಂಕಾದಾಗ ತಾಯಿಯನ್ನು ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಆಟಿ ತಿಂಗಳಲ್ಲಿ ನನ್ನ ತಂಗಿಯ ಮೊಮ್ಮಗ, ನಾಲ್ಕು ವರ್ಷದ ಹುಡುಗ, ಮೂರು ದಿನ ಜ್ವರದಲ್ಲಿ ನರಳಿ ಮಂಕಾಗಿ ಮಲಗಿಬಿಟ್ಟಿದ್ದ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಗಡಿನಾಡಿನ ಚಿಕಿತ್ಸಾಲಯವೊಂದರಲ್ಲಿ ವೈದ್ಯರು ಮಲಯಾಳದಲ್ಲಿ ‘ಪೇರೆಂದಾ?’ (ಹೆಸರೇನು?) ಎಂದು ಕೇಳಿದಾಗ ಅವನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಹವ್ಯಕ ಕನ್ನಡವನ್ನಷ್ಟೇ ಆಡುವ ಮಗುವಾದ್ದರಿಂದ, ಭಾಷೆ ತಿಳಿಯದೆ ಸುಮ್ಮನಿದ್ದಾನೆ ಎಂದೇ ಅವರಿಗೆ ತೋರಿತು. ಬೆಳಗಿನಿಂದ ತನ್ನನ್ನೇ ಗುರುತಿಸುತ್ತಿಲ್ಲ, ‘ಅಬ್ಬೆ’ ಎಂದು ಒಮ್ಮೆಯೂ ಕರೆದಿಲ್ಲ ಎಂದು ಅವನ ತಾಯಿ ಎರಡು ಸಲ ಹೇಳಿದ್ದು ಯಾರ ಗಮನಕ್ಕೂ ಬರಲಿಲ್ಲ. ಆ ರಾತ್ರಿಯೇ ಸೆಳವು (ಫಿಟ್ಸ್) ಬಂತು. ಮಂಗಳೂರಿಗೆ ಮುಟ್ಟಿಸಿದ ಮೇಲೆ ಅದು ಸೆಪ್ಸಿಸ್ ಎಂದು ಗೊತ್ತಾಯಿತು.

ಸೆಪ್ಸಿಸ್ ಎಂದರೆ ಬರಿಯ ಸೋಂಕಲ್ಲ. ಸೋಂಕಿನ ವಿರುದ್ಧ ದೇಹ ಒಡ್ಡುವ ಪ್ರತಿರೋಧವೇ ಹತೋಟಿ ತಪ್ಪಿ ಸ್ವಂತ ಅಂಗಾಂಗಗಳನ್ನು ಕೆಡಿಸುವ ಸ್ಥಿತಿ. ರೋಗಾಣು ಮಿದುಳನ್ನು ಹೊಕ್ಕದಿದ್ದರೂ ಉರಿಯೂತದ ರಾಸಾಯನಿಕಗಳು, ಇಳಿದ ರಕ್ತದೊತ್ತಡ, ಕುಸಿದ ಸಕ್ಕರೆಯಂಶ, ಸಾಲದ ಆಮ್ಲಜನಕ ಇವೆಲ್ಲ ಸೇರಿ ಮಿದುಳಿನ ಕೆಲಸವನ್ನು ಏರುಪೇರು ಮಾಡಬಲ್ಲವು. ಮಕ್ಕಳ ಸೆಪ್ಸಿಸ್ ಗುರುತಿಸಲು 2024ರಲ್ಲಿ ಪ್ರಕಟವಾದ ಫೀನಿಕ್ಸ್ ಮಾನದಂಡವು ಶ್ವಾಸಾಂಗ, ರಕ್ತಪರಿಚಲನೆ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಜೊತೆಗೆ ಮಿದುಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಲ್ಲಿ ಎಚ್ಚರದ ಮಟ್ಟವನ್ನು ಅಳೆಯುವುದು ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ ಕೊಡುವ 3ರಿಂದ 15ರವರೆಗಿನ ಗ್ಲಾಸ್ಗೋ ಅಂಕಗಳಿಂದ. 10 ಅಥವಾ ಅದಕ್ಕಿಂತ ಕೆಳಗಿಳಿದರೆ ಮಿದುಳಿನ ಕೆಲಸ ಕೆಟ್ಟಿದೆ ಎಂದು ಎಣಿಕೆ. ಆ 15 ಅಂಕಗಳಲ್ಲಿ 5 ಮಾತಿಗೇ ಮೀಸಲು ಎಂಬುದನ್ನು ಗಡಿನಾಡಿನವರಾದ ನಾವು ಗಮನಿಸಬೇಕು. ತನಗೆ ಬಾರದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಮಗು ಉತ್ತರಿಸದಿದ್ದರೆ ಅದು ನಾಚಿಕೆಯೋ ಪ್ರಜ್ಞೆಯ ಗೊಂದಲವೋ ಎಂದು ಹೇಳಬಲ್ಲವರು ಮನೆಯವರು ಮಾತ್ರ. ಅಂಕ 10ಕ್ಕೆ ಇಳಿಯುವ ಮೊದಲಿನ ಸಣ್ಣ ವ್ಯತ್ಯಾಸಗಳು, ಅಂದರೆ ಹಾಲು ಬೇಡವೆನ್ನುವುದು, ಸಮಾಧಾನವಾಗದ ಅಳು, ಎಬ್ಬಿಸಿದರೂ ಜೋಂಪು, ಕಣ್ಣು ಕೂಡಿಸದ ನೋಟ, ಇವು ಕಾಣುವುದೂ ಅವರಿಗೇ. ಜ್ವರ ಇಳಿದಾಗಲೂ ಮಗು ಗೆಲುವಾಗದಿದ್ದರೆ ಮರುದಿನದವರೆಗೆ ಕಾಯುವ ಹಾಗಿಲ್ಲ. ಸೆಪ್ಸಿಸ್ ಜೊತೆಗೆ ಆಘಾತಸ್ಥಿತಿ, ಅಂದರೆ ರಕ್ತಪರಿಚಲನೆ ಕುಸಿದು ಅಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ ಇದ್ದರೆ ಅದನ್ನು ಗುರುತಿಸಿದ ಒಂದು ಗಂಟೆಯೊಳಗೆ, ಇಲ್ಲದಿದ್ದರೂ ಮೂರು ಗಂಟೆಯೊಳಗೆ ಆಂಟಿಬಯೋಟಿಕ್ ಆರಂಭಿಸಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ದಾರಿ ಇರುವಾಗ ಮೊದಲ ಚಿಕಿತ್ಸೆ ಇಲ್ಲಿಯೇ ಶುರುವಾಗದೆ ಗತಿಯಿಲ್ಲ.

ಆದ್ದರಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕ ಭಾಗದ ಪ್ರತಿಯೊಂದು ಆಸ್ಪತ್ರೆಯಲ್ಲಿ, ಜ್ವರದ ಮಗುವಿನ ಚೀಟಿ ಬರೆಯುವಾಗಲೇ ‘ಮಗು ಎಂದಿನಂತೆ ಇದೆಯೇ, ನಿಮ್ಮನ್ನು ಗುರುತಿಸುತ್ತಿದೆಯೇ?’ ಎಂದು ತಾಯಿಯನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ, ಅವಳ ಉತ್ತರವನ್ನು ದಾಖಲಿಸುವ ಪದ್ಧತಿ ಬರಬೇಕು. ಅಪಾಯದ ಚಿಹ್ನೆಗಳನ್ನು ತಿಳಿಸುವ ಫಲಕಗಳೂ ಕನ್ನಡದಲ್ಲಿರಬೇಕು. ಇದು ಭಾಷಾಭಿಮಾನದ ಬೇಡಿಕೆಯಲ್ಲ, ಚಿಕಿತ್ಸೆಯ ಭಾಗ.

ನಮ್ಮ ಹುಡುಗ ಬದುಕಿದ್ದಾನೆ. ಆದರೆ ಮೊದಲು ಬಾಯಿಪಾಠವಿದ್ದ ಹಾಡುಗಳು ಈಗ ಅರ್ಧಕ್ಕೇ ನಿಲ್ಲುತ್ತವೆ. ಸೆಪ್ಸಿಸ್‌ನಿಂದ ಪಾರಾದ ಕೆಲವು ಮಕ್ಕಳಲ್ಲಿ ನೆನಪು, ಗಮನ, ಕಲಿಕೆಯ ತೊಂದರೆಗಳು ಉಳಿಯುವುದು ವೈದ್ಯರಿಗೆ ತಿಳಿದ ವಿಷಯವೇ. ಬಿಡುಗಡೆಯ ಚೀಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥ ಮಕ್ಕಳನ್ನು ಮೂರು, ಆರು ತಿಂಗಳಿಗೊಮ್ಮೆ ಕರೆಸಿ, ಅವರದೇ ಭಾಷೆಯಲ್ಲಿ ಪರೀಕ್ಷಿಸಿ, ಅಂಗನವಾಡಿ ಮತ್ತು ಶಾಲೆಗೆ ತಿಳಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ವಿನಂತಿಸುತ್ತೇನೆ.

ನಿವೃತ್ತ ಕನ್ನಡ ಶಿಕ್ಷಕಿ, ಬದಿಯಡ್ಕ