ಮೊದಲ ಸಲ ಬೇಟೆ ಕ್ಯಾಬಿನ್‌ಗೆ ಹೊರಟ ಪುಟ್ಟಿಗೆ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಮೆಸೇಜು ನೋಡಿದೆ. ಅತ್ತೆಮನೆಯವರೆಲ್ಲ ಜಿಂಕೆ ಬೇಟೆಗೆ ಅಮೆರಿಕದ ಉತ್ತರ ವಿಸ್ಕಾನ್ಸಿನ್‌ನ ಕ್ಯಾಬಿನ್‌ಗೆ, ಅಂದರೆ ಕಾಡಿನ ಮನೆಗೆ, ಹೊರಟಿದ್ದಾರೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವೂ ಅಲ್ಲೇ ಅಂತೆ. ಜಿಂಕೆ ಸುಲಿಯುವುದನ್ನು ನೋಡಲಾರೆ, ಜ್ವರ ಅಂತ ಸುಳ್ಳು ಹೇಳಿ ಮ್ಯಾಡಿಸನ್‌ನಲ್ಲೇ ಉಳಿಯಲಾ ಅಂತ ಕೇಳಿದ್ದೀಯ. ಬೇಡ, ಹೋಗು. ಈ ವರ್ಷ ಜ್ವರ ಸರಿ, ಪ್ರತಿ ನವೆಂಬರ್‌ಗೂ ಬರುತ್ತಾ?

ಅವರಿಗೆ ಈ ಬೇಟೆ ಊರ ಜಾತ್ರೆ ಇದ್ದ ಹಾಗೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರು, ಒಟ್ಟು 9 ದಿನ. ಎಲ್ಲೆಲ್ಲೋ ಇರುವ ಮಕ್ಕಳೆಲ್ಲ ರಜೆ ಹಾಕಿ ಬರುತ್ತಾರೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಬಹುದು. ಅದಕ್ಕೇ ಕತ್ತಲಲ್ಲೇ ಹೋಗಿ ಅಟ್ಟಣೆ ಹತ್ತಿ ಕೂರುತ್ತಾರೆ. ಗಂಟೆಗಟ್ಟಲೆ ಪಿಟಿಕ್ಕೆನ್ನದೆ, ಆ ಚಳಿಯಲ್ಲಿ. ಎಷ್ಟೋ ಜನ ಬರಿಗೈಯಲ್ಲಿ ವಾಪಸ್ ಬರುತ್ತಾರೆ, ಆದರೂ ಮುಖ ಸಪ್ಪಗಿರುವುದಿಲ್ಲ.

ನಾನು ಮಾಡಿದ ತಪ್ಪು ಹೇಳ್ತೀನಿ ಕೇಳು. ಇಲ್ಲಿಗೆ ಬಂದ ಎರಡನೇ ವರ್ಷ, ಪಕ್ಕದ ಮನೆ ಅಜ್ಜ ಗ್ಯಾರೇಜಿನಲ್ಲಿ ಜಿಂಕೆ ತೂಗುಹಾಕಿದ್ದರು. "ಪಾಪ, ಇದನ್ನ ಕೊಲ್ಲೋಕೆ ಹೇಗೆ ಮನಸ್ಸು ಬಂತು?" ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಗ್ಯಾರೇಜಿನ ಬಾಗಿಲು ಇಳಿಸಿದರು, ಅಷ್ಟೇ. ಆಮೇಲೆ ವರ್ಷವಿಡೀ ಬರೀ ಹಲೋ.

ಮುಂದಿನ ಅಕ್ಟೋಬರ್ ಕೊನೆಯಲ್ಲಿ, ರಾತ್ರಿ ಹೆದ್ದಾರಿಯಲ್ಲಿ ನನ್ನ ಕಾರಿಗೇ ಒಂದು ಹೆಣ್ಣು ಜಿಂಕೆ ಅಡ್ಡ ಬಂತು. ಬೆದೆಗಾಲ ನೋಡು, ರಸ್ತೆ ಗಿಸ್ತೆ ಅಂತ ನೋಡೋಲ್ಲ. ಹಿಂಗಾಲು ಎರಡೂ ಮುರಿದಿದ್ದವು. ಮುಂಗಾಲಿನ ಮೇಲೆ ಏಳುವುದು, ಬೀಳುವುದು, ಮತ್ತೆ ಏಳುವುದು. ಪೊಲೀಸರು ಬಂದು ಅದರ ನೋವು ಮುಗಿಸುವ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ಅಷ್ಟು ಹೊತ್ತೂ ನಾನು ಕಾರಿನೊಳಗೆ ಹೀಟರ್ ಹಾಕಿಕೊಂಡು ಇನ್ಶೂರೆನ್ಸ್‌ನವರ ಹತ್ತಿರ ಬಂಪರ್ ಬಗ್ಗೆ ಮಾತಾಡುತ್ತಿದ್ದೆ. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವನು ನಾನು.

ಇದನ್ನು ಅಜ್ಜನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಕ್ಯಾಬಿನ್‌ಗೆ ಬಾ" ಅಂದರು.

ಹೋದೆ. ಅವರ ಮೊಮ್ಮಗ ಹೊಡೆದ ಮೊದಲ ಜಿಂಕೆ ಹಿಮದ ಮೇಲೆ ಬಿದ್ದಿತ್ತು, ಮೈಯಿಂದ ಹಬೆ ಏಳುತ್ತಿತ್ತು. ಹುಡುಗನ ಕೈ ನಡುಗುತ್ತಿತ್ತು. ಅಜ್ಜ ಟೋಪಿ ತೆಗೆದರು. ಪೈನ್ ಮರದ ಪುಟ್ಟ ಕುಡಿ ಮುರಿದು ಮೊಮ್ಮಗನ ಕೈಗೆ ಕೊಟ್ಟರು. ಅವನು ಅದನ್ನು ಜಿಂಕೆಯ ಬಾಯಲ್ಲಿಟ್ಟ. ಜರ್ಮನಿಯಿಂದ ಬಂದ ಅವರ ಹಿರಿಯರ ಪದ್ಧತಿಯಂತೆ, ಕೊನೆಯ ತುತ್ತು. ನನಗೆ ನಮ್ಮಮ್ಮ, ನಿನ್ನ ಅಜ್ಜಿ, ನೆನಪಾದಳು. ಅವಳ ಬಾಯಿಗೆ ತುಳಸಿ ದಳ ಇಟ್ಟವನು ನಾನೇ.

ಎಲ್ಲರೂ ಹೀಗೆ ಅಂದುಕೊಳ್ಳಬೇಡ. ಕೊಂಬು ಅಳೆದು ಜಂಬ ಕೊಚ್ಚಿಕೊಳ್ಳುವವರು, ಬೆಳಬೆಳಿಗ್ಗೆ ಬಿಯರ್ ಹಿಡಿಯುವವರು ಬೇಕಾದಷ್ಟಿದ್ದಾರೆ. ಅವರ ಮಾತಿಗೆ ನಗಬೇಕಾಗಿಲ್ಲ. ಹಾಗೇ ನಮ್ಮ ಕಡೆಯ ನ್ಯಾಯವನ್ನೂ ಅಲ್ಲಿ ಬಿಚ್ಚಬೇಡ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆ ಹೊಡೆದರೆ ಜೈಲು, ಅದು ಸರಿಯೇ. ಇಲ್ಲಿ ಲೈಸೆನ್ಸ್ ಬೇಕು, ಒಂದೊಂದು ಜಿಂಕೆಗೂ ಬೇರೆ ಬೇರೆ ಅನುಮತಿ ಬೇಕು, ಹೊಡೆದರೆ ಮಾರನೇ ದಿನ ಸಂಜೆ 5ರೊಳಗೆ ನೋಂದಾಯಿಸಬೇಕು. ಬಂದೂಕು, ತೋಟಾ ಮೇಲಿನ ತೆರಿಗೆ 1937ರ ಕಾನೂನಿನ ಪ್ರಕಾರ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ. ನನಗೂ ಇದು ವಿಚಿತ್ರ ಅನಿಸಿತ್ತು, ಬೇಟೆಗಾರರ ದುಡ್ಡಿನಲ್ಲಿ ಪ್ರಾಣಿ ಸಾಕೋದು!

ಊಟದ ವಿಷಯ. ತಿನ್ನಬೇಡ, ಯಾರೂ ಬಲವಂತ ಮಾಡೋಲ್ಲ. ಮೂಗು ಮಾತ್ರ ಮುರಿಯಬೇಡ. ದೊಡ್ಡ ಪಾತ್ರೆ ತುಂಬ ಬಿಸಿಬೇಳೆ ಬಾತ್ ಮಾಡು, ಚಳಿಯಲ್ಲಿ ಕೂತು ಬಂದವರು ಬಳಿದು ತಿಂತಾರೆ. ಖಾರ ಕಮ್ಮಿ ಹಾಕು. ಊಟಕ್ಕೆ ಮುಂಚೆ ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞತೆ ಅಂತ ಹೇಳುವ ರೂಢಿ ಎಷ್ಟೋ ಮನೆಗಳಲ್ಲಿದೆ. ನಿನ್ನ ಸರದಿ ಬಂದರೆ ಭಾಷಣ ಬೇಡ. ಅವತ್ತು ಆ ಮನೆಯಲ್ಲಿ ಕಂಡ ಯಾವುದಾದರೂ ಒಂದನ್ನು ಹೇಳು, ಸಾಕು.

ನಿನ್ನ ಗಂಡನಿಗೂ ಒಂದು ಮಾತು ಹೇಳು. ಜಿಂಕೆಗಳಿಗೆ ಸಿಡಬ್ಲ್ಯೂಡಿ ಅಂತ ಮೆದುಳಿನ ಕಾಯಿಲೆ ಬರುತ್ತೆ, ಈ ರಾಜ್ಯದಲ್ಲಿ 2002ರಲ್ಲಿ ಮೊದಲು ಗೊತ್ತಾಯಿತು. ಮನುಷ್ಯರಿಗೆ ಬಂದದ್ದು ಎಲ್ಲೂ ಸಾಬೀತಾಗಿಲ್ಲ. ಆದರೂ ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಡಲಿ, ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲೇ ಇರಲಿ.

ಕಡೆಯದಾಗಿ, ಸುಮ್ನೆ ವಾಕಿಂಗ್ ಹೋದರೂ ಬೇಟೆಗಾರರ ಕಣ್ಣಿಗೆ ಬೀಳುವ ಹಾಗೆ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡೇ ಹೋಗು. 2016ರಿಂದ ಕಣ್ಣು ಕುಕ್ಕುವ ಗುಲಾಬಿಯೂ ನಡೆಯುತ್ತಂತೆ, ನಿನಗೆ ಅದೇ ಇಷ್ಟವಾಗಬಹುದು. ಸದ್ಯಕ್ಕೆ ನನ್ನ ಕಿತ್ತಳೆ ಟೋಪಿ ಕಳಿಸಿದ್ದೇನೆ. ಕಿವಿ ಪೂರ್ತಿ ಮುಚ್ಚುತ್ತೆ. ಪಕ್ಕದ ಮನೆ ಅಜ್ಜ ತೀರಿಕೊಳ್ಳುವ ಮುಂಚಿನ ವರ್ಷ ಕೊಟ್ಟಿದ್ದು, ಹಾಗಾಗಿ ಡಿಸೆಂಬರ್‌ನಲ್ಲಿ ಬರುವಾಗ ಮರೆಯದೆ ವಾಪಸ್ ತಾ.

ಇಂತಿ,
ನಿನ್ನ ಮಾವ