ಅಜ್ಜಿಯ ಪರವಾಗಿ, ರಾತ್ರಿ ಡ್ಯೂಟಿಯ ಸಿಸ್ಟರ್‌ಗೆ

ಅಜ್ಜಿ ಹೋದ ಸುದ್ದಿ ನಿಮಗೆಲ್ಲ ಗೊತ್ತು. ಕಾಯಿಲೆಯ ಕಥೆಯೂ ಗೊತ್ತು. ಅದನ್ನು ಮತ್ತೆ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ, ಕೇಳುವ ಆಸೆ ನಿಮಗೂ ಇರಲಿಕ್ಕಿಲ್ಲ. ರಕ್ತ ಕೊಟ್ಟವರು, ಊಟ ಕಳಿಸಿ ಪಾತ್ರೆ ವಾಪಸ್ ಕೇಳದವರು, ಔಷಧಿ ಅಂಗಡಿಗೆ ಓಡಾಡಿದ ಅಣ್ಣತಮ್ಮಂದಿರು, ರಜೆ ಹಾಕಿ ಬಂದು ನಿಂತ ಚಿಕ್ಕಮ್ಮ, ಮನೆಗೇ ಬಂದು ನೋಡುತ್ತಿದ್ದ ಡಾಕ್ಟರು, ಸುಮ್ಮನೆ ಬಂದು ಅಮ್ಮನ ಪಕ್ಕ ಕೂತು ಹೋದವರು, ಎಲ್ಲರಿಗೂ ಥ್ಯಾಂಕ್ಸ್. ನಿಮ್ಮನ್ನೆಲ್ಲ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಈ ಬರಹದಲ್ಲಿ ದೊಡ್ಡ ಪಾಲು ಒಬ್ಬರಿಗೆ ಸೇರಬೇಕು.

ಅವರನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ನೀವು ಬರುತ್ತಿದ್ದದ್ದು ಹಗಲು ಹೊತ್ತು, ಅವರು ಬರುತ್ತಿದ್ದದ್ದು ರಾತ್ರಿ ಎಂಟಕ್ಕೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಸಿಸ್ಟರ್ ಅಂತಲೇ ಬರೆಯುತ್ತೇನೆ. ನರ್ಸ್ ಆಗಿದ್ದ ಅಜ್ಜಿ ನಿವೃತ್ತಿಯಾಗುವ ತನಕ ಅವಳನ್ನೂ ಜನ ಕರೆದದ್ದು ಹಾಗೆಯೇ ತಾನೆ.

ಮೊದಲ ರಾತ್ರಿಯೇ ಅಜ್ಜಿ ಅವರಿಗೆ ಪರೀಕ್ಷೆ ಇಟ್ಟಳು. ದಿಂಬಿಗೆ ಒರಗಿ, ಕನ್ನಡಕದ ಮೇಲಿಂದ ನೋಡುತ್ತಾ, "ಕೈ ತೊಳೆದ್ಯಾ?" ಅಂದಳು.

"ತೊಳೆದೆ ಅಜ್ಜಿ."

"ಉಂಗುರ ತೆಗೆದು?"

ಸಿಸ್ಟರ್ ಮರುಮಾತಾಡದೆ ಹೋಗಿ, ಉಂಗುರ ತೆಗೆದು, ಮತ್ತೆ ಕೈ ತೊಳೆದು ಬಂದರು. ಅಷ್ಟಕ್ಕೆ ಬಿಡುವವಳೇ ಅಜ್ಜಿ? "500 ಎಂ.ಎಲ್. ಡ್ರಿಪ್ ಬಾಟಲಿ. ಎಂಟು ಗಂಟೆ ಓಡಬೇಕು. ನಿಮಿಷಕ್ಕೆ ಎಷ್ಟು ಹನಿ?" ನಮ್ಮ ಮನೆಯ ಮಕ್ಕಳೆಲ್ಲ ಬಾಯಿಲೆಕ್ಕ ಕಲಿತದ್ದು ಇದರಲ್ಲೇ. ಒಂದು ಎಂ.ಎಲ್.ಗೆ 20 ಹನಿ, ಒಟ್ಟು 10,000 ಹನಿ, ಅದನ್ನು 480 ನಿಮಿಷಕ್ಕೆ ಹಂಚಿದರೆ ಹತ್ತಿರ ಹತ್ತಿರ 21. ನಾನು ನಾಲ್ಕನೇ ಕ್ಲಾಸಿನಿಂದ ಈ ಉತ್ತರವನ್ನು ನಿದ್ದೆಯಲ್ಲೂ ಹೇಳುತ್ತಿದ್ದವಳು. ಸಿಸ್ಟರ್ ಮಾತ್ರ ಉತ್ತರ ಹೇಳಲಿಲ್ಲ, ಪ್ರಶ್ನೆ ಕೇಳಿದರು: "ಯಾವ ಸೆಟ್ ಅಜ್ಜಿ? 20 ಹನಿಯದ್ದಾ, 15ರದ್ದಾ?" ಡ್ರಿಪ್ ನಳಿಕೆಯ ಸೆಟ್ ಬದಲಾದರೆ ಒಂದು ಎಂ.ಎಲ್.ಗೆ ಎಷ್ಟು ಹನಿ ಅನ್ನುವುದೂ ಬದಲಾಗುತ್ತದೆ.

ಅಜ್ಜಿ ನಮ್ಮಮ್ಮನ ಕಡೆ ತಿರುಗಿ, "ಇವಳು ಇರಲಿ" ಅಂದಳು. ಅದೇ ಅವಳ ನೇಮಕಾತಿ ಆದೇಶ.

ಮಾರನೆಯ ದಿನದಿಂದ ಸಿಸ್ಟರ್ ಅಜ್ಜಿಯನ್ನು ಮೇಡಂ ಎಂದು ಕರೆಯತೊಡಗಿದರು. ಬೆಳಿಗ್ಗೆ ಡ್ಯೂಟಿ ಬಿಡುವಾಗ ನಮಗೆ ಹೇಳುವ ಮೊದಲು ಅಜ್ಜಿಗೇ ಹ್ಯಾಂಡೋವರ್ ಕೊಡುತ್ತಿದ್ದರು, ವಾರ್ಡಿನಲ್ಲಿ ಕೊಡುವ ಹಾಗೆ ಮಂಚದ ಪಕ್ಕ ನೆಟ್ಟಗೆ ನಿಂತು. "ಮೇಡಂ, ರಾತ್ರಿ ಎರಡು ಸಲ ಎಚ್ಚರ ಆಗಿದೆ. ನೋವಿಗೆ ಮೂರಕ್ಕೆ ಕೊಟ್ಟಿದ್ದೀನಿ. ಬೆನ್ನು ನೋಡಿದೆ, ಎಲ್ಲೂ ಕೆಂಪಾಗಿಲ್ಲ. ಯೂರಿನ್ ಕಡಿಮೆ." ರೋಗಿಗೇ ರೋಗಿಯ ವರದಿ. ಅಜ್ಜಿ ಕಣ್ಣುಮುಚ್ಚಿ ಪೂರ್ತಿ ಕೇಳಿ, "ಬರೆದಿಟ್ಯಾ?" ಅನ್ನುತ್ತಿದ್ದಳು. ಆ ಐದು ನಿಮಿಷ ಅವಳು ಹಾಸಿಗೆ ಹಿಡಿದ ಮುದುಕಿ ಆಗಿರಲಿಲ್ಲ, ಇನ್‌ಚಾರ್ಜ್ ಆಗಿದ್ದಳು. ಹೀಗೆ ಮಾಡಿ ಅಂತ ಸಿಸ್ಟರ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿಯ ಕಾಲದ ಕೆಲಸ ನಮಗೆ ಗೊತ್ತಿದ್ದದ್ದು ಕಥೆಯಾಗಿ ಮಾತ್ರ. ಗಾಜಿನ ಸಿರಿಂಜುಗಳನ್ನು ಕುದಿಸುವುದು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಿ, ಹತ್ತಿಯ ಮೇಲೆ ಎಳೆದು ನೋಡುವುದು. ಎಳೆ ಸಿಕ್ಕಿಕೊಂಡರೆ ತುದಿ ಬಾಗಿದೆ ಎಂದರ್ಥ, ಮತ್ತೆ ಉಜ್ಜಬೇಕು. ಬಳಸಿದ ಗ್ಲೌಸು ತೊಳೆದು, ಗಾಳಿ ತುಂಬಿ ತೂತು ಹುಡುಕಿ, ಪೌಡರ್ ಹಾಕಿ ಮಡಚಿಡುವುದು. ಇವೆಲ್ಲ ಹೇಳುವಾಗ ಅವಳ ಬೆರಳುಗಳು ತಾವಾಗಿಯೇ ಆ ಕೆಲಸ ಮಾಡುತ್ತಿದ್ದವು. ಮೇ 12ರ ನರ್ಸುಗಳ ದಿನಕ್ಕೆ ಯಾರಾದರೂ ದೀಪ ಹಿಡಿದ ನೈಟಿಂಗೇಲ್ ಚಿತ್ರ ಕಳಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ದೀಪ ಹಿಡಿದಿದ್ದು ನೆನಪಿದೆ, ಲೆಕ್ಕ ಇಟ್ಟಿದ್ದು ಯಾರಿಗೂ ನೆನಪಿಲ್ಲ." ಕ್ರಿಮಿಯನ್ ಯುದ್ಧದಲ್ಲಿ ಗಾಯಕ್ಕಿಂತ ತಡೆಯಬಹುದಾದ ರೋಗಗಳಿಗೇ ಹೆಚ್ಚು ಸೈನಿಕರು ಸತ್ತರು ಎಂದು 1858ರಲ್ಲಿ ನಕ್ಷೆ ಬರೆದು ತೋರಿಸಿದ ನೈಟಿಂಗೇಲ್ ಅವಳ ನೈಟಿಂಗೇಲ್.

ಸಾವಿನ ವಿಷಯಕ್ಕೆ ಬಂದರೆ ಅವಳು ನೆನೆಯುತ್ತಿದ್ದದ್ದು ಸಿಸಿಲಿ ಸಾಂಡರ್ಸ್‌ರನ್ನು. ನರ್ಸ್ ಆಗಿ ಶುರುಮಾಡಿ, ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಗಿ ಬಂದು, ಆಮೇಲೆ ಡಾಕ್ಟರಿಕೆ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆ, ತೆರೆದವರು. ವಾಸಿಯಾಗದವರಿಗೂ ಚಿಕಿತ್ಸೆ ಇದೆ, ನೋವು ಕಳೆಯುವುದೇ ಒಂದು ಚಿಕಿತ್ಸೆ ಎಂದು ಹೊರಟವರು. ಅಜ್ಜಿ ತನ್ನ ಹಳೆಯ ಡೈರಿಯ ಕೊನೆ ಪುಟದಲ್ಲಿ ನಮಗಾಗಿ ಬರೆದಿಟ್ಟದ್ದೂ ಅದೇ ದಾರಿಯದ್ದು: ಟ್ಯೂಬ್ ಬೇಡ. ವೆಂಟಿಲೇಟರ್ ಬೇಡ. ನೋವು ಇರಬಾರದು. ಬಾಯಿ ಒಣಗಲು ಬಿಡಬೇಡಿ.

ಈಗ ಆ ರಾತ್ರಿ.

ಉಸಿರು ಆಳವಾಗುತ್ತಾ ಹೋಗಿ, ಮತ್ತೆ ಸಣ್ಣದಾಗುತ್ತಾ ಬಂದು, ನಿಂತೇ ಬಿಡುತ್ತಿತ್ತು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಇದಕ್ಕೆ ಚೇನ್-ಸ್ಟೋಕ್ಸ್ ಉಸಿರಾಟ ಎನ್ನುತ್ತಾರಂತೆ, ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಗಮನಿಸಿ ಬರೆದ ಇಬ್ಬರು ಡಾಕ್ಟರ ಹೆಸರು. ಹೆಸರಿದೆ ಅಂತ ಗೊತ್ತಾದದ್ದೇ ಒಂದು ಸಮಾಧಾನ. ಇದು ಎಲ್ಲರೂ ಹೋಗುವ ದಾರಿ, ನಾವು ಎಲ್ಲೋ ತಪ್ಪಿಸಿಕೊಂಡಿಲ್ಲ ಅನ್ನಿಸಿತು. ಆಮೇಲೆ ಗಂಟಲಿನ ಗೊರಗೊರ ಸದ್ದು ಶುರುವಾಯಿತು. ಅಣ್ಣ ಫೋನ್ ಕೈಗೆತ್ತಿಕೊಂಡ, ಆಂಬುಲೆನ್ಸ್ ಕರೆಸುತ್ತೇನೆ ಅಂದ. ಸಿಸ್ಟರ್ ಬೇಡ ಅನ್ನಲಿಲ್ಲ. "ಸರ್, ಕರೆಸೋದಾದ್ರೆ ಕರೆಸಿ. ಮೊದಲು ಮೇಡಂ ಬರೆದಿದ್ದು ಒಂದ್ಸಲ ಓದಿಬಿಡಿ" ಅಂದರು. ಆಮೇಲೆ ಅವನನ್ನು ಮಂಚದ ಹತ್ತಿರ ಕರೆದು, "ಇಲ್ಲಿ ನೋಡಿ, ಹುಬ್ಬು. ಗಂಟು ಹಾಕಿಲ್ಲ. ನೋವಿದ್ರೆ, ಉಸಿರು ಕಟ್ಟಿದ ಹಾಗೆ ಆಗ್ತಿದ್ರೆ, ಮುಖ ಹೀಗಿರಲ್ಲ. ನುಂಗೋ ಶಕ್ತಿ ಹೋಗಿದೆ, ಗಂಟಲಲ್ಲಿ ದ್ರವ ನಿಂತಿದೆ, ಅದರ ಸದ್ದು ಅಷ್ಟೇ. ಕೇಳೋ ನಮಗೆ ಕಷ್ಟ, ಅವರಿಗಲ್ಲ" ಅಂದರು.

ಅಣ್ಣ ಡೈರಿ ಓದಿದ. ಫೋನ್ ಕೆಳಗಿಟ್ಟ.

ಆಮೇಲೆ ಸಿಸ್ಟರ್ ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟರು. ಸದ್ದು ಅರ್ಧಕ್ಕೆ ಇಳಿಯಿತು. ಚಮಚದಲ್ಲಿ ನೀರು ಬಿಡಲು ಹೋದ ಅಮ್ಮನ ಕೈ ಹಿಡಿದು, ಅದು ಶ್ವಾಸಕೋಶಕ್ಕೆ ಇಳಿಯಬಹುದೆಂದು ಹೇಳಿ, ಒದ್ದೆ ಮಾಡಿ ಹಿಂಡಿದ ಹತ್ತಿಯನ್ನು ಆ ಕೈಗೇ ಕೊಟ್ಟರು: "ತುಟಿಗೆ, ನಾಲಿಗೆ ತುದಿಗೆ, ಇಷ್ಟಿಷ್ಟೇ." ಅಮ್ಮನಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ನನಗೆ ಅಂಗಾಲು ಸವರುವ ಕೆಲಸ. ಅಣ್ಣನಿಗೆ ಮಾತಾಡುವ ಕೆಲಸ, "ಕೇಳಿಸ್ತಿರಬಹುದು, ಏನಾದ್ರೂ ಹೇಳಿ." ಅವನು ಬೇರೇನೂ ತೋಚದೆ ಹನಿಯ ಲೆಕ್ಕ ಹೇಳಲು ಶುರುಮಾಡಿದ. 500 ಎಂ.ಎಲ್., ಎಂಟು ಗಂಟೆ, ಅಜ್ಜಿ. ಇಪ್ಪತ್ತೊಂದು. ಒಂದು ಲೀಟರ್, ಹನ್ನೆರಡು ಗಂಟೆ. ಇಪ್ಪತ್ತೆಂಟು. ಕೊನೆಗೆ ಅವನ ದನಿ ಒಡೆದು, ಲೆಕ್ಕ ತಪ್ಪಿತು.

ಬೆಳಗಿನ ಜಾವ ಒಂದು ಉಸಿರಾದ ಮೇಲೆ ಇನ್ನೊಂದು ಬರಲಿಲ್ಲ. ಸಿಸ್ಟರ್ ನಾಡಿ ಹಿಡಿದು, ಗಡಿಯಾರ ನೋಡಿ, ಸುಮ್ಮನಿದ್ದರು. ನಾವೇ ಗೊತ್ತುಮಾಡಿಕೊಳ್ಳಲಿ ಎಂದು ಬಿಟ್ಟರು. ಡಾಕ್ಟರು ಬಂದು ಹೋದ ಮೇಲೆ ಮೈ ಒರೆಸುವಾಗ ನಾನು ಜೊತೆಗಿದ್ದೆ. ಆಗಲೂ ಅವರು ಹೇಳುತ್ತಲೇ ಇದ್ದರು: "ಮೇಡಂ, ಈಗ ಎಡಕ್ಕೆ ತಿರುಗಿಸ್ತೀನಿ. ಮೇಡಂ, ನೀರು ಬೆಚ್ಚಗಿದೆ." ನಾನು ಅತ್ತದ್ದು ಅಲ್ಲಿ, ಅಲ್ಲಿಯವರೆಗೆ ಅತ್ತಿರಲಿಲ್ಲ. ಅಜ್ಜಿ ಕೆಲಸ ಮಾಡುವುದನ್ನು ನಾನು ಒಂದು ದಿನವೂ ನೋಡಿದವಳಲ್ಲ. ಯಾರ್ಯಾರದೋ ಅಜ್ಜಿಯರಿಗೆ, ಯಾರ್ಯಾರದೋ ಮಕ್ಕಳಿಗೆ, ಮನೆಯವರು ಹೊರಗೆ ಕಾರಿಡಾರಿನಲ್ಲಿದ್ದಾಗ ಅವಳು ಹೀಗೆಯೇ ನೀರು ಬೆಚ್ಚಗಿದೆ ಎಂದು ಹೇಳಿರಬೇಕು. ಆಮೇಲೆ ಮನೆಗೆ ಬಂದು ನಮಗೆ ಜಡೆ ಹಾಕಿದ್ದಾಳೆ, ಹೋಂವರ್ಕ್ ನೋಡಿದ್ದಾಳೆ. ಒಂದು ಮಾತೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಅಜ್ಜಿ ಅಂತ ಜಗಳ ಆಡಬೇಕು ಅನ್ನಿಸುತ್ತದೆ, ಈಗಲೂ.

ಸಿಸ್ಟರ್ ಡ್ಯೂಟಿ ಎಂಟಕ್ಕೆ ಮುಗಿದಿತ್ತು, ಅವರು ಮನೆಗೆ ಹೊರಟಾಗ ಮಧ್ಯಾಹ್ನ. ಹೆಚ್ಚಿನ ಹೊತ್ತಿನ ಹಣ ತೆಗೆದುಕೊಳ್ಳಲಿಲ್ಲ. ಅವತ್ತೇ ಸಂಜೆ ಬೇರೆ ಮನೆಯ ಡ್ಯೂಟಿಗೆ ಹೋಗಬೇಕೆಂದು ಅವರನ್ನು ಕಳಿಸುವವರು ಫೋನ್ ಮಾಡಿದರು. ಒಬ್ಬ ರೋಗಿಯನ್ನು ಕಳೆದುಕೊಂಡ ನರ್ಸಿಗೆ ಒಂದು ರಾತ್ರಿಯ ರಜೆಯಾದರೂ ಬೇಡವೇ? ಹೋಂ ನರ್ಸ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಕೇಳಿ ಜಗಳ ಮಾಡಿ. ಅಜ್ಜಿ ಇದ್ದಿದ್ದರೆ ಅವಳೇ ಮಾಡುತ್ತಿದ್ದಳು, ನಮಗಿಂತ ಜೋರಾಗಿ.

ಸಿಸ್ಟರ್, ಇದನ್ನು ನೀವು ಓದುತ್ತೀರಿ ಅಂತ ಗೊತ್ತು. ಅಜ್ಜಿಯ ನರ್ಸಿಂಗ್ ಪುಸ್ತಕಗಳು ನಿಮಗೆ ಎಂದು ಅಮ್ಮ ಕಟ್ಟಿಟ್ಟಿದ್ದಾಳೆ. ಹಳೆಯವು, ಅರ್ಧ ವಿಷಯ ಈಗ ಬದಲಾಗಿದೆ, ಆದರೆ ಅಂಚುಗಳಲ್ಲಿ ಅಜ್ಜಿ ಪೆನ್ಸಿಲಿನಲ್ಲಿ ಬರೆದ ತಕರಾರುಗಳಿವೆ. ರಜೆ ಸಿಕ್ಕಾಗ ಬಂದು ತೆಗೆದುಕೊಂಡು ಹೋಗಿ.

ಉಳಿದವರಿಗೆ: ಏರ್ ಬೆಡ್, ವಾಕರ್, ವೀಲ್‌ಚೇರ್ ಮೂರೂ ಚೆನ್ನಾಗಿವೆ, ದುಡ್ಡು ಬೇಡ. ಯಾರಿಗಾದರೂ ಬೇಕಿದ್ದರೆ ಅಣ್ಣನಿಗೆ ಹೇಳಿ, ತಂದು ಕೊಡುತ್ತಾನೆ. ಏರ್ ಬೆಡ್ಡಿನ ಪಂಪ್ ಸ್ವಲ್ಪ ಸದ್ದು ಮಾಡುತ್ತದೆ. ಬೆಡ್ ಇದೆ ಅಂತ, ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮಾತ್ರ ನಿಲ್ಲಿಸಬೇಡಿ.