ಕೊನೆಯ ಸ್ಥಾನದವರಿಗೂ ಒಂದು ಬಾಗಿಲು: ಗೆಳೆಯನಿಗೊಂದು ಪತ್ರ

ರಾಲಿ, ನಾರ್ತ್ ಕ್ಯಾರೊಲಿನಾ
ಮಾರ್ಚ್ 12, 2025

ಪ್ರೀತಿಯ ಗೆಳೆಯಾ,

ಮೊನ್ನೆ ಫೋನ್ ಮಾಡಿದಾಗ "ನಿಮ್ಮ ಟೀಮ್ ಏನಾಯ್ತೋ?" ಅಂತ ಕೇಳಿದೆ. ನಾನು ಡ್ರೈವ್ ಮಾಡ್ತಿದ್ದೆ, ಸರಿಯಾಗಿ ಹೇಳಲು ಆಗಲಿಲ್ಲ. ಎರಡು ಮಾತಲ್ಲಿ ಮುಗಿಯುವ ವಿಷಯವೂ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಓದಿದ ಕಾಲೇಜು, ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಗಂಡುಹುಡುಗರ ಬ್ಯಾಸ್ಕೆಟ್‌ಬಾಲ್ ಟೀಮಿನ ಸೀಸನ್ ಮುಗಿಯಿತು. 12 ಗೆಲುವು, 19 ಸೋಲು. ಕಾನ್ಫರೆನ್ಸಿನ, ಅಂದರೆ ನಮ್ಮ ಕಾಲೇಜುಗಳ ಗುಂಪಿನ, ಒಳಗೆ ಆಡಿದ 20 ಮ್ಯಾಚಿನಲ್ಲಿ ಗೆದ್ದದ್ದು ಬರೀ 5. ನಿನ್ನೆ ಶಾರ್ಲಟ್‌ನಲ್ಲಿ ಕಾನ್ಫರೆನ್ಸ್ ಟೂರ್ನಮೆಂಟ್ ಶುರುವಾಯಿತು. ಇಲ್ಲಿಂದ ಎರಡೂವರೆ ಗಂಟೆಯ ದಾರಿ. ನಮ್ಮದೇ ರಾಜ್ಯ. ಅಲ್ಲಿ ನಮ್ಮ ಹುಡುಗರಿಲ್ಲ. ಈ ವರ್ಷದಿಂದ ಕಾನ್ಫರೆನ್ಸಿನಲ್ಲಿ 18 ಟೀಮುಗಳಿವೆ, ಟೂರ್ನಮೆಂಟಿಗೆ 15 ಟೀಮುಗಳಿಗೆ ಮಾತ್ರ ಪ್ರವೇಶ. ಹೊರಗುಳಿದ ಮೂವರಲ್ಲಿ ನಾವೂ ಒಬ್ಬರು. ಹೋದ ವರ್ಷದ ಚಾಂಪಿಯನ್ನರು ಕಣೋ ಇವರು!

ನಿನಗೆ ಈ ಕಾನ್ಫರೆನ್ಸ್ ಅನ್ನೋದು ಸ್ವಲ್ಪ ಗೋಜಲು ಅಂತ ಗೊತ್ತು. ಅಮೆರಿಕದಲ್ಲಿ ಮೇಲ್ಮಟ್ಟದ ಕಾಲೇಜು ಟೀಮುಗಳೇ ಮುನ್ನೂರೈವತ್ತಕ್ಕಿಂತ ಜಾಸ್ತಿ. ಎಲ್ಲರೂ ಎಲ್ಲರ ಜೊತೆ ಆಡೋಕೆ ಆಗಲ್ಲ. ಅದಕ್ಕೆ ಗುಂಪು ಮಾಡಿಕೊಂಡಿದ್ದಾರೆ. ನಮ್ಮದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಎಸಿಸಿ. 1953ರಲ್ಲಿ ಶುರುವಾದದ್ದು. ನವೆಂಬರ್, ಡಿಸೆಂಬರ್‌ನಲ್ಲಿ ಹೊರಗಿನವರ ಜೊತೆ ಆಟ. ಜನವರಿಯಿಂದ ಹೆಚ್ಚುಕಡಿಮೆ ಪೂರ್ತಿ ಒಳಗಿನವರ ಜೊತೆ. ಮಾರ್ಚ್ ಎರಡನೇ ವಾರ ಟೂರ್ನಮೆಂಟ್. ಎಸಿಸಿಯಲ್ಲಿ ಪಟ್ಟಿಯ ಮೇಲ್ತುದಿಯಲ್ಲಿ ನಿಂತವರು ಅಧಿಕೃತ ಚಾಂಪಿಯನ್ ಅಲ್ಲ, ಟೂರ್ನಮೆಂಟ್ ಗೆದ್ದವರೇ ಚಾಂಪಿಯನ್. ಗೆದ್ದವರು ನೇರವಾಗಿ 68 ಟೀಮುಗಳ ರಾಷ್ಟ್ರೀಯ ಟೂರ್ನಮೆಂಟಿಗೆ ಹೋಗುತ್ತಾರೆ. ಸೀಸನ್ ಎಷ್ಟೇ ಕೆಟ್ಟದಾಗಿದ್ದರೂ ಅವರನ್ನು ಯಾರೂ ತಡೆಯುವ ಹಾಗಿಲ್ಲ.

ಈ ಊರಿನಲ್ಲಿ ಇದು ಎಂಥಾ ಹುಚ್ಚು ಅಂತ ನಾನು ಓದಲು ಬಂದಾಗ ಗೊತ್ತಿರಲಿಲ್ಲ. ರಾಲಿಯಲ್ಲಿ ನಮ್ಮ ಕಾಲೇಜು. ಡರಮ್‌ನಲ್ಲಿ ಡ್ಯೂಕ್. ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ. ಮೂರೂ ಸುಮಾರು ನಲವತ್ತು ಕಿಲೋಮೀಟರ್ ಒಳಗೆ. ಒಂದೇ ಆಫೀಸು, ಒಂದೇ ಬೀದಿ, ಕೆಲವು ಕಡೆ ಒಂದೇ ಮನೆಯಲ್ಲಿ ಮೂರು ಬಣ್ಣದ ಟೀಶರ್ಟು. ಹಿಂದೆಲ್ಲ ಈ ರಾಜ್ಯದ ಶಾಲೆಗಳಲ್ಲಿ ಟೂರ್ನಮೆಂಟಿನ ದಿನ ಮೇಷ್ಟ್ರುಗಳು ಟಿವಿಯನ್ನು ತಳ್ಳಿಕೊಂಡು ಕ್ಲಾಸಿಗೆ ತರುತ್ತಿದ್ದರಂತೆ. ನನ್ನ ಜೊತೆ ಕೆಲಸ ಮಾಡುವ ಹಿರಿಯರು ಈಗಲೂ ಕಣ್ಣರಳಿಸಿ ಹೇಳುತ್ತಾರೆ.

1974ರ ಫೈನಲ್ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು. ಆಗ ಒಂದು ಕಾನ್ಫರೆನ್ಸಿನಿಂದ ಒಂದೇ ಟೀಮಿಗೆ ರಾಷ್ಟ್ರೀಯ ಟೂರ್ನಮೆಂಟಿನ ಅವಕಾಶ. ನಮ್ಮ ನಾರ್ತ್ ಕ್ಯಾರೊಲಿನಾ ಸ್ಟೇಟ್ ಮತ್ತು ಮೇರಿಲ್ಯಾಂಡ್ ಎರಡೂ ದೇಶದ ಅತಿ ದೊಡ್ಡ ಟೀಮುಗಳು. ಓವರ್‌ಟೈಮಿಗೆ ಹೋದ ಮ್ಯಾಚಿನಲ್ಲಿ ನಾವು 103-100ರಿಂದ ಗೆದ್ದೆವು. ಮೇರಿಲ್ಯಾಂಡ್ ಅಷ್ಟು ಚೆನ್ನಾಗಿ ಆಡಿಯೂ ಮನೆಗೆ ಹೋಯಿತು. ಮುಂದಿನ ವರ್ಷ ರಾಷ್ಟ್ರೀಯ ಟೂರ್ನಮೆಂಟನ್ನು 32 ಟೀಮುಗಳಿಗೆ ಹಿಗ್ಗಿಸಿ, ಒಂದು ಕಾನ್ಫರೆನ್ಸಿನಿಂದ ಒಂದಕ್ಕಿಂತ ಜಾಸ್ತಿ ಟೀಮು ಬರಬಹುದು ಅಂದರು. 1974ರಲ್ಲಿ ಡೇವಿಡ್ ಥಾಂಪ್ಸನ್ ಇದ್ದ ನಮ್ಮ ಟೀಮು ಸತತ ಏಳು ಸಲ ಗೆದ್ದಿದ್ದ ಯುಸಿಎಲ್ಎಯನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಇನ್ನು ಹೋದ ವರ್ಷದ ವಿಷಯಕ್ಕೆ ಬರ್ತೀನಿ. ನಿನಗೆ ಆಗ ಬಿಡಿಬಿಡಿಯಾಗಿ ಮೆಸೇಜ್ ಹಾಕಿದ್ದೆ ಅಷ್ಟೆ. ಪೂರ್ತಿ ಹೇಳಿದ್ದೇ ಇಲ್ಲ.

2024ರ ಫೆಬ್ರವರಿ ಕೊನೆಯ ಹೊತ್ತಿಗೆ ನಮ್ಮವರು ಸುಸ್ತಾದ ಹಾಗೆ ಕಾಣುತ್ತಿದ್ದರು. ಸೀಸನ್ನಿನ ಕೊನೆಯ ನಾಲ್ಕು ಮ್ಯಾಚು ಸಾಲಾಗಿ ಸೋತರು. ಮಾರ್ಚ್ 4ಕ್ಕೆ ಸ್ವಂತ ಊರಿನಲ್ಲೇ ಡ್ಯೂಕ್ ಕೈಯಲ್ಲಿ 79-64. ಕೊನೆಗೆ 15 ಟೀಮುಗಳಲ್ಲಿ ಹತ್ತನೇ ಸ್ಥಾನ. ಕೋಚ್ ಕೆವಿನ್ ಕೀಟ್ಸ್ ಕೆಲಸ ಉಳಿಯಲ್ಲ ಅಂತ ಊರೆಲ್ಲ ಮಾತು.

ಹತ್ತನೇ ಸ್ಥಾನ ಅಂದರೆ ಏನು ಗೊತ್ತಾ? ಮೊದಲ ನಾಲ್ಕು ಟೀಮುಗಳಿಗೆ ಎರಡು ಸುತ್ತು ಬಿಡುವು. ಐದರಿಂದ ಒಂಬತ್ತರವರೆಗೆ ಒಂದು ಸುತ್ತು ಬಿಡುವು. ಹತ್ತರಿಂದ ಕೆಳಗಿನವರು ಮಂಗಳವಾರವೇ ಕಣಕ್ಕೆ ಇಳಿಯಬೇಕು. ಕಪ್ ಬೇಕೆಂದರೆ ಐದು ದಿನದಲ್ಲಿ ಐದು ಗೆಲುವು. ಒಂದು ದಿನವೂ ವಿಶ್ರಾಂತಿ ಇಲ್ಲ. ಎಸಿಸಿಯಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ನಮ್ಮವರು ಕೊನೆಯದಾಗಿ ಎಸಿಸಿ ಗೆದ್ದದ್ದು 1987ರಲ್ಲಿ, ಜಿಮ್ ವಾಲ್ವಾನೊ ಕೋಚ್ ಆಗಿದ್ದಾಗ.

ಜಾಗ ವಾಷಿಂಗ್ಟನ್. ಮಂಗಳವಾರ ಲೂಯಿವಿಲ್, 94-85. ಬುಧವಾರ ಸಿರಾಕ್ಯೂಸ್, 83-65. ಸರಿ, ಮರ್ಯಾದೆ ಉಳಿಯಿತು ಅಂದುಕೊಂಡೆವು. ಗುರುವಾರ ಡ್ಯೂಕ್. ಹತ್ತು ದಿನದ ಹಿಂದೆ ನಮ್ಮನ್ನು ಬಡಿದಿದ್ದ ಅದೇ ಡ್ಯೂಕ್. 74-69, ಗೆಲುವು ನಮ್ಮದು!

ಶುಕ್ರವಾರದ ಮ್ಯಾಚನ್ನು ನಾನು ಸಾಯುವವರೆಗೂ ಮರೆಯಲ್ಲ. ಎದುರಿಗೆ ವರ್ಜೀನಿಯಾ. ಮೆಲ್ಲಗೆ ಆಡಿ ಉಸಿರು ಕಟ್ಟಿಸುವ ಟೀಮು. ಐದು ಸೆಕೆಂಡು ಉಳಿದಿವೆ, ನಾವು 58-55ರಲ್ಲಿ ಹಿಂದೆ. ಅವರ ಹುಡುಗ ಫ್ರೀ ಥ್ರೋ ಲೈನಿನಲ್ಲಿ, ಫೌಲಿಗೆ ಸಿಕ್ಕ ಅಡ್ಡಿಯಿಲ್ಲದ ಎಸೆತಕ್ಕೆ. ಇಲ್ಲಿ ಒಂದು ನಿಯಮ ಹೇಳಬೇಕು. ಕಾಲೇಜು ಗಂಡುಹುಡುಗರ ಆಟದಲ್ಲಿ ನಾವು ಆಡಿದ ಹಾಗೆ ನಾಲ್ಕು ಕ್ವಾರ್ಟರ್ ಇಲ್ಲ, 20 ನಿಮಿಷದ ಎರಡು ಹಾಫ್. ಒಂದು ಹಾಫಿನಲ್ಲಿ ಎದುರಾಳಿಯ ಏಳರಿಂದ ಒಂಬತ್ತನೇ ಫೌಲ್‌ವರೆಗೆ ಫ್ರೀ ಥ್ರೋ ಸಿಗುತ್ತದೆ, ಆದರೆ ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಬೀಳದಿದ್ದರೆ ಚೆಂಡು ಯಾರ ಕೈಗೆ ಸಿಕ್ಕಿತೋ ಅವರದ್ದು. ಆ ಹುಡುಗನ ಮೊದಲ ಎಸೆತ ಬೀಳಲಿಲ್ಲ. ಚೆಂಡು ನಮಗೆ ಸಿಕ್ಕಿತು. ಮೈಕಲ್ ಓಕಾನಲ್ ಅದನ್ನು ಹಿಡಿದು ಓಡಿದ. ಅರ್ಧ ಕೋರ್ಟ್ ದಾಟಿ, ಮೂರು ಪಾಯಿಂಟ್ ಗೆರೆಗಿಂತ ತುಂಬಾ ಹಿಂದಿನಿಂದಲೇ ಎಸೆದ. ಬಝರ್ ಕೂಗಿತು. ಚೆಂಡು ಬೋರ್ಡಿಗೆ ಬಡಿದು, ರಿಂಗಿಗೆ ತಾಗಿ, ಒಳಗೆ ಬಿತ್ತು. 58-58. ಓವರ್‌ಟೈಮ್. 73-65ರಿಂದ ಗೆದ್ದರು.

ನಾವು ಮೂರು ಮನೆಯವರು ಸೇರಿ ನೋಡುತ್ತಿದ್ದೆವು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಅವರದ್ದೂ ನಮ್ಮ ಕಾಲೇಜಿನ ಕೆಂಪು ಟೀಶರ್ಟೇ. ಒಳಗೆ ಬಂದು ನಮ್ಮ ಜೊತೆಯೇ ಕೂತರು.

ಶನಿವಾರ ಫೈನಲ್. ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿದ್ದ ಚಾಪೆಲ್ ಹಿಲ್‌ನವರು. ಐದನೇ ದಿನ, ಐದನೇ ಮ್ಯಾಚು. ಕಾಲು ಎಳೆಯುತ್ತಾರೆ ಅಂದುಕೊಂಡಿದ್ದವರೇ ಎಲ್ಲ. ನಮ್ಮ ಡಿಜೆ ಹಾರ್ನ್ 29 ಪಾಯಿಂಟ್ ಹೊಡೆದ. ಅವನು ರಾಲಿಯದೇ ಹುಡುಗ. ಬೇರೆ ಕಾಲೇಜುಗಳಲ್ಲಿ ಆಡಿ, ಕೊನೆಯ ವರ್ಷಕ್ಕೆ ಊರಿಗೆ ವಾಪಸ್ ಬಂದಿದ್ದ. 84-76. ನಮ್ಮ ಕ್ಯಾಂಪಸ್ಸಿನ ಗಂಟೆ ಗೋಪುರಕ್ಕೆ ಕೆಂಪು ದೀಪ ಹಾಕಿದರು. ಹಿಲ್ಸ್‌ಬರೋ ಸ್ಟ್ರೀಟ್ ತುಂಬ ಜನ.

ನೀನು ಸೆಂಟರ್ ಆಡ್ತಿದ್ದವನು, ಡಿಜೆ ಬರ್ನ್ಸ್‌ನ ವಿಡಿಯೋಗಳನ್ನು ನೋಡಲೇಬೇಕು. ಆರಡಿ ಒಂಬತ್ತಿಂಚು, ನೂರಿಪ್ಪತ್ತು ಕಿಲೋ ದಾಟಿದ ಮೈ, ಎಡಗೈ. ಬ್ಯಾಸ್ಕೆಟ್‌ಗೆ ಬೆನ್ನು ಕೊಟ್ಟು ನಿಂತು ಹಿಂದಕ್ಕೆ ಒತ್ತುತ್ತಾ ಬರುತ್ತಾನೆ. ಇಬ್ಬರು ಮುತ್ತಿಕೊಂಡರೆ ಮೂಲೆಯಲ್ಲಿ ನಿಂತವನಿಗೆ ಪಾಸ್. ಒಬ್ಬನೇ ಇದ್ದರೆ ಮೆಲ್ಲಗೆ ತಿರುಗಿ ಎಡಗೈಯಲ್ಲಿ ತೇಲಿಸುತ್ತಾನೆ. ಮುಖದಲ್ಲಿ ಸದಾ ನಗು. ಈಗಿನ ಆಟದಲ್ಲಿ ಎಲ್ಲರೂ ದೂರದಿಂದ ಎಸೆಯುವವರೇ. ಅಂಥಾದ್ದರಲ್ಲಿ ಅವನು ನಮ್ಮ ಕಾಲದ ಆಟ ಆಡಿ ಟೂರ್ನಮೆಂಟಿನ ಶ್ರೇಷ್ಠ ಆಟಗಾರ ಆದ. ಅದು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ನಿನಗೆ ಮಾತ್ರ ಅರ್ಥ ಆಗುತ್ತೆ.

ಮೊಹಮ್ಮದ್ ಡಿಯಾರಾ ಅಂತ ಇನ್ನೊಬ್ಬ, ಫ್ರಾನ್ಸಿನಿಂದ ಬಂದವನು. ಆ ವಾರವೇ ರಂಜಾನ್ ಶುರುವಾಗಿತ್ತು. ಉಪವಾಸ ಬಿಡದೆ ಆಡಿದ. ಹಗಲೆಲ್ಲ ನೀರೂ ಕುಡಿಯದ ಹುಡುಗ ದಿನ ಬಿಡದೆ ಮ್ಯಾಚಿಗೆ ಇಳಿದು ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಕಿತ್ತುಕೊಳ್ಳುತ್ತಿದ್ದ. ಅವನ ಬಗ್ಗೆ ನನಗಿರುವ ಗೌರವ ಬೇರೆಯೇ.

ಆಮೇಲಿನದ್ದು ನಿನಗೆ ಗೊತ್ತಲ್ಲ. ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಟೆಕ್ಸಸ್ ಟೆಕ್, ಓಕ್‌ಲ್ಯಾಂಡ್, ಮಾರ್ಕೆಟ್ ಯೂನಿವರ್ಸಿಟಿ, ಮತ್ತೆ ಡ್ಯೂಕ್. ಎಲ್ಲರನ್ನೂ ಸೋಲಿಸಿ 1983ರ ನಂತರ ಮೊದಲ ಸಲ ಫೈನಲ್ ಫೋರ್, ಅಂದರೆ ಸೆಮಿಫೈನಲ್. ಅಲ್ಲಿ ಪರ್ಡ್ಯೂ ಎದುರು 63-50ರಿಂದ ಸೋತರು. ಆ ಸೋಲು ನನಗೆ ನೋವೇ ಕೊಡಲಿಲ್ಲ.

ನೀನು ಕೇಳ್ತೀಯ, ಸೋಲ್ತಾ ಇರೋ ಟೀಮನ್ನು ಫೆಬ್ರವರಿಯಲ್ಲಿ ಯಾಕೆ ನೋಡ್ತೀಯಾ ಅಂತ. ನೀನು ಹೋದ ವರ್ಷದ ಆರ್‌ಸಿಬಿ ನೋಡಿದವನು. ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಆರು ಗೆದ್ದು, ಮೇ 18ಕ್ಕೆ ಚೆನ್ನೈಯನ್ನು ಹೊರಗೆ ಹಾಕಿ ಪ್ಲೇಆಫ್‌ಗೆ ಹೋದರಲ್ಲ. ಏಪ್ರಿಲ್‌ನಲ್ಲಿ ಟಿವಿ ಆಫ್ ಮಾಡಿದವರಿಗೆ ಆ ರಾತ್ರಿ ಅಷ್ಟು ಸಿಹಿ ಆಗಿತ್ತಾ? ಅಲ್ಲೂ ಲೆಕ್ಕ ಕೂಡಿಬರಬೇಕಿತ್ತು, ರನ್ ರೇಟ್ ಬೇಕಿತ್ತು. ಇಲ್ಲಿ ಅದೂ ಬೇಡ. ಎಷ್ಟೇ ಕೆಳಗಿದ್ದರೂ ಮಾರ್ಚ್‌ನಲ್ಲಿ ಒಂದು ಬಾಗಿಲು ತೆರೆದಿರುತ್ತಿತ್ತು. ಆ ನಂಬಿಕೆ ಇದ್ದದ್ದಕ್ಕೇ ಫೆಬ್ರವರಿಯ ಸೋತ ಮ್ಯಾಚಿಗೂ ಬೆಲೆ. ಕೋಚ್ ಯಾರನ್ನು ಯಾರ ಜೊತೆ ಇಳಿಸುತ್ತಾನೆ, ಬೆಂಚಿನ ಹುಡುಗ ಏನು ಕಲಿಯುತ್ತಿದ್ದಾನೆ, ಕೊನೆಯ ಎರಡು ನಿಮಿಷದಲ್ಲಿ ಚೆಂಡು ಯಾರ ಕೈಯಲ್ಲಿರುತ್ತದೆ ಅಂತ ನೋಡ್ತಾ ಕೂರುತ್ತಿದ್ದೆವು.

ಆ ಬಾಗಿಲನ್ನೇ ಈಗ ಮುಚ್ಚಿದ್ದಾರೆ. ನನ್ನ ಸಿಟ್ಟು ಇರುವುದು ಇಲ್ಲಿ. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ, ಎಸ್ಎಂಯು ಅಂತ ಮೂರು ಹೊಸ ಕಾಲೇಜುಗಳು ಬಂದವು. ಮೊದಲೆರಡು ಪೆಸಿಫಿಕ್ ದಡದವು, ಮೂರನೆಯದು ಡಲ್ಲಾಸಿನದು. ಅಟ್ಲಾಂಟಿಕ್ ಅಂತ ಹೆಸರಿರುವ ಗುಂಪಿಗೆ ಬಂದದ್ದು ಅಮೆರಿಕನ್ ಫುಟ್‌ಬಾಲಿನ ಲೆಕ್ಕಾಚಾರಕ್ಕೆ, ಟಿವಿ ದುಡ್ಡಿಗೆ. ಬಂದವರ ಮೇಲೆ ನನಗೆ ಬೇಜಾರಿಲ್ಲ. ಆದರೆ ಟೂರ್ನಮೆಂಟಿಗೆ ಇನ್ನೊಂದು ದಿನ ಸೇರಿಸಿ ಹದಿನೆಂಟೂ ಟೀಮುಗಳನ್ನು ಕರೆಯಬಹುದಿತ್ತು. ಕಾಲೇಜು ಹುಡುಗರು ಇವರು. ಕೆಲವರಿಗೆ ಇದೇ ಜೀವನದ ಕೊನೆಯ ಆಟ.

ಈ ಸಲದ ಟೀಮಿನಲ್ಲಿ ಓಕಾನಲ್ ಇದ್ದ. ಜೇಡನ್ ಟೇಲರ್, ಬೆನ್ ಮಿಡಲ್‌ಬ್ರೂಕ್ಸ್ ಇದ್ದರು. ಬರ್ನ್ಸ್, ಹಾರ್ನ್, ಡಿಯಾರಾ ಹೋಗಿದ್ದರು. ಬರ್ನ್ಸ್ ಇಲ್ಲದೆ ಒಳಗೆ ಚೆಂಡು ಹಿಡಿದು ನಿಲ್ಲುವವರೇ ಇಲ್ಲವಾಯಿತು. ಎದುರಾಳಿಗಳಿಗೆ ಇಬ್ಬರನ್ನು ಒಳಗೆ ಕಳಿಸುವ ಗರಜು ಇರಲಿಲ್ಲ. ಹಾಗಾಗಿ ಹೊರಗಿನವರಿಗೆ ಜಾಗವೇ ಸಿಗುತ್ತಿರಲಿಲ್ಲ. ಆದರೂ ಕೊನೆಯವರೆಗೆ ನೋಡಿದೆ. ಕಳೆದ ವರ್ಷ ಅಷ್ಟು ಕೊಟ್ಟ ಹುಡುಗರು ಆಡುವಾಗ ಎದ್ದು ಹೋಗೋಕೆ ಮನಸ್ಸು ಬರಲ್ಲ. ಭಾನುವಾರ ಕೀಟ್ಸ್ ಅವರನ್ನು ತೆಗೆದಿದ್ದಾರೆ. ಲೆಕ್ಕ ನೋಡಿದರೆ ಅದು ಸರಿಯಿರಬಹುದು. ಆದರೆ 37 ವರ್ಷ ಕಾದ ಕಪ್ಪನ್ನು ತಂದವರು ಅವರು. ಅವರಿಗೆ ಒಳ್ಳೆಯದಾಗಲಿ.

ಈಗ ಖುಷಿಯ ಸುದ್ದಿ. ನಮ್ಮ ಹೆಣ್ಣುಮಕ್ಕಳ ಟೀಮು ಈ ವರ್ಷ ಎಸಿಸಿ ಪಟ್ಟಿಯಲ್ಲಿ ನೋತ್ರ್ ಡೇಮ್ ಜೊತೆ ಸಮನಾಗಿ ಮೊದಲ ಸ್ಥಾನ ಪಡೆಯಿತು. ಭಾನುವಾರ ಗ್ರೀನ್ಸ್‌ಬರೋದಲ್ಲಿ ಫೈನಲ್, ಡ್ಯೂಕ್ ಎದುರು 76-62ರಿಂದ ಸೋತರು. ಆದರೆ ರಾಷ್ಟ್ರೀಯ ಟೂರ್ನಮೆಂಟ್ ಮುಂದಿದೆ. ಹೆಣ್ಣುಮಕ್ಕಳಲ್ಲಿ ಮೊದಲ 16 ಟೀಮುಗಳಿಗೆ ಆರಂಭದ ಎರಡು ಸುತ್ತು ಸ್ವಂತ ಊರಿನಲ್ಲೇ. ನಮ್ಮವರಿಗೆ ಸಿಕ್ಕೇ ಸಿಗುತ್ತದೆ. ಅವರು ಆಡುವುದು ಕ್ಯಾಂಪಸ್ಸಿನ ಹಳೆಯ ರೆನಾಲ್ಡ್ಸ್ ಕಲಿಸಿಯಂನಲ್ಲಿ, 1949ರ ಕಟ್ಟಡ. ಸಣ್ಣದು, ಹಾಗಾಗಿ ಸದ್ದು ಹೊರಗೆ ಹೋಗಲ್ಲ. ಅಝಾಯಾ ಜೇಮ್ಸ್ ಆಟ ನೋಡು, ಸನಾಯಾ ರಿವರ್ಸ್ ಡಿಫೆನ್ಸ್ ನೋಡು. ಆರನೇ ಕ್ಲಾಸಿನ ನಿನ್ನ ಮಗಳಿಗೂ ತೋರಿಸು. ಇಲ್ಲಿ ಈಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿದೆ. ನಮಗೆ ಮಧ್ಯಾಹ್ನ ಎರಡು ಅಂದರೆ ನಿಮಗೆ ರಾತ್ರಿ ಹನ್ನೊಂದೂವರೆ. ಶನಿವಾರದ ಮ್ಯಾಚಾದರೆ ಮಗಳು ಎದ್ದಿರಬಹುದು, ನಿನ್ನ ಹೆಂಡತಿ ಬಿಟ್ಟರೆ.

ಅವಳು ಎಡಗೈಯಲ್ಲಿ ಲೇಅಪ್ ಕಲಿತಳಾ? ವಿಡಿಯೋ ಕಳಿಸು. ಯಾವ ಮ್ಯಾಚು ಎಷ್ಟು ಹೊತ್ತಿಗೆ ಅಂತ ನಾನು ಭಾನುವಾರ ರಾತ್ರಿ ಮೆಸೇಜ್ ಹಾಕ್ತೀನಿ.

ನಿನ್ನ ಪ್ರೀತಿಯ
ಗೆಳೆಯ